ಎಲ್ಲ 'ಬೇಕು'ಗಳಿಗೂ 'ಮಸ್ಟ್' ಹಾಕಬೇಕಾಗಿಲ್ಲ

ಕನ್ನಡದ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವ ಗೈಡುಗಳಲ್ಲಿ ಒಂದು ಪಟ್ಟಿ ಇರುತ್ತದೆ. ಮಸ್ಟ್ ಅಂದರೆ ಬೇಕು, ಶುಡ್ ಅಂದರೆ ಬೇಕು, ಹ್ಯಾವ್ ಟು ಅಂದರೆ ಬೇಕು, ಆಟ್ ಟು ಅಂದರೂ ಬೇಕು. ನಾಲ್ಕಕ್ಕೂ ಒಂದೇ ಅರ್ಥ ಬರೆದುಕೊಂಡ ಮಗು ಏನು ಮಾಡುತ್ತದೆ? ಸುಲಭವಾಗಿ ಬಾಯಿಗೆ ಬರುವ 'ಮಸ್ಟ್' ಹಿಡಿದುಕೊಳ್ಳುತ್ತದೆ. ಅದೇ ಮಗು ದೊಡ್ಡದಾಗಿ ಕೆಲಸಕ್ಕೆ ಸೇರಿ, ಬೇರೆ ದೇಶದ ಗ್ರಾಹಕರಿಗೆ 'ಯು ಮಸ್ಟ್ ಸೆಂಡ್ ದ ಫೈಲ್ ಟುಡೇ' ಎಂದು ಮೇಲ್ ಕಳಿಸುತ್ತದೆ. ಬರೆದವರ ಮನಸ್ಸಿನಲ್ಲಿ ಇರುವುದು 'ಇವತ್ತು ಫೈಲ್ ಕಳಿಸಬೇಕು ಸರ್' ಎಂಬ ವಿನಯದ ಮಾತು. ಓದಿದವರಿಗೆ ಕೇಳಿಸುವುದು ಅಪ್ಪಣೆ.

ಈ ಪಟ್ಟಿಯನ್ನು ಕೈಬಿಟ್ಟು, ಇಂಗ್ಲಿಷಿನ ಈ ಭಾಗವನ್ನು ಕನ್ನಡದ ಕ್ರಿಯಾಪದಗಳ ಮೂಲಕವೇ ಕಲಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹೋಗಬೇಕು, ಹೋಗಲೇಬೇಕು, ಹೋಗಬೇಕಾಗುತ್ತೆ, ಹೋಗಬೇಕಾಯ್ತು, ಹೋಗಬೇಕಿತ್ತು, ಹೋಗಿರಬೇಕು, ಹೋಗಬಾರದು, ಹೋಗಬೇಕಾಗಿಲ್ಲ. ಇವನ್ನು ಐದು ವರ್ಷದ ಮಗುವೂ ಅದಲು ಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಬೇಕಾಗುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಇಲ್ಲೇ ಇವೆ. ಗೈಡು ಬರೆಯುವವರು ಎಲ್ಲವನ್ನೂ 'ಬೇಕು' ಎಂಬ ಒಂದೇ ಪದಕ್ಕೆ ಇಳಿಸಿಬಿಡುತ್ತಾರೆ, ಅಷ್ಟೆ.

ಮೊದಲು ಮಸ್ಟ್ ಮತ್ತು ಹ್ಯಾವ್ ಟು. ಒತ್ತಾಯ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಿ. ಡಾಕ್ಟರು ತಮ್ಮ ಅಧಿಕಾರದಿಂದ 'ಯು ಮಸ್ಟ್ ಸ್ಟಾಪ್ ಸ್ಮೋಕಿಂಗ್' ಎನ್ನುತ್ತಾರೆ. ರೋಗಿ ಮನೆಗೆ ಬಂದು ಹೆಂಡತಿಗೆ ಹೇಳುವಾಗ 'ಐ ಹ್ಯಾವ್ ಟು ಸ್ಟಾಪ್ ಸ್ಮೋಕಿಂಗ್' ಎನ್ನುತ್ತಾನೆ. ಒತ್ತಾಯ ಈಗ ಹೊರಗಿನದು, ಅವನು ಅದನ್ನು ವರದಿ ಮಾಡುತ್ತಿದ್ದಾನೆ. ನಮ್ಮ 'ಬಿಡಬೇಕಾಗುತ್ತೆ' ಇದಕ್ಕೆ ತೀರ ಹತ್ತಿರ. ಕಾನೂನು, ಬಸ್ ವೇಳೆ, ಬ್ಯಾಂಕಿನ ನಿಯಮ, ಮಳೆ ಹೀಗೆ ನಮ್ಮ ಕೈಮೀರಿದ್ದು ಏನೇ ಇದ್ದರೂ ಮಾತಿನಲ್ಲಿ ಹ್ಯಾವ್ ಟು ಸಾಕು. ಎರಡರ ನಡುವೆ ಕಲ್ಲಿನ ಗೋಡೆ ಇದೆ ಎಂದಲ್ಲ, ಬೆರೆಯುವ ಜಾಗಗಳೂ ಇವೆ. ಆದರೆ ಅನುಮಾನ ಬಂದಾಗ ಹ್ಯಾವ್ ಟು ಹಿಡಿದರೆ ಕೆಡುವುದು ಕಡಿಮೆ.

ಇನ್ನೊಂದು ಕಾರಣವೂ ಇದೆ. ಮಸ್ಟ್‌ಗೆ ಭೂತಕಾಲವೂ ಇಲ್ಲ, ಭವಿಷ್ಯದ ರೂಪವೂ ಇಲ್ಲ. ಅದೇ ಹಳೆಯ ಇಂಗ್ಲಿಷಿನ ಒಂದು ಕ್ರಿಯಾಪದದ ಭೂತಕಾಲದ ರೂಪ, ಕಾಲಕ್ರಮದಲ್ಲಿ ವರ್ತಮಾನಕ್ಕೆ ಬಂದು ನಿಂತಿತು. ಆದ್ದರಿಂದ 'ನಿನ್ನೆ ಹೋಗಬೇಕಾಯ್ತು' ಎನ್ನಲು ಹ್ಯಾಡ್ ಟು, 'ನಾಳೆ ಹೋಗಬೇಕಾಗುತ್ತೆ' ಎನ್ನಲು ವಿಲ್ ಹ್ಯಾವ್ ಟು ಬೇಕೇ ಬೇಕು.

ಇಲ್ಲೇ ನಮ್ಮವರಲ್ಲಿ ಅನೇಕರು ಎಡವುತ್ತಾರೆ. 'ಐ ಹ್ಯಾಡ್ ಟು ಗೋ ಟು ದ ಬ್ಯಾಂಕ್ ಯೆಸ್ಟರ್‌ಡೇ' ಎಂದರೆ ಕೇಳಿದವರು ನೀವು ಹೋಗಿಬಂದಿರಿ ಎಂದುಕೊಳ್ಳುತ್ತಾರೆ. ಹೋಗಬೇಕಾಯ್ತು, ಹೋದೆ. ಆದರೆ ಹೇಳಿದವರ ಮನಸ್ಸಿನಲ್ಲಿ ಇದ್ದದ್ದು 'ಹೋಗಬೇಕಿತ್ತು, ಆಗಲಿಲ್ಲ'. ಅದಕ್ಕೆ 'ಐ ವಾಸ್ ಸಪೋಸ್ಡ್ ಟು ಗೋ' ಎನ್ನಬೇಕು. ಹೋಗದೇ ತಪ್ಪು ಮಾಡಿದೆ ಎಂಬ ಭಾವ ಇದ್ದರೆ 'ಐ ಶುಡ್ ಹ್ಯಾವ್ ಗಾನ್'. ಕನ್ನಡದಲ್ಲಿ 'ಬೇಕಾಯ್ತು' ಮತ್ತು 'ಬೇಕಿತ್ತು' ಎಂದೂ ಕಲಸುವುದಿಲ್ಲವಲ್ಲ, ಆ ಜೋಡಿಯನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಇಂಗ್ಲಿಷ್ ವಾಕ್ಯ ಬರೆದರೆ ಹತ್ತು ನಿಮಿಷದ ಪಾಠ. ಬರೆಯುವಾಗ ಸಪೋಸ್ಡ್ ಪದದ ಕೊನೆಯ 'ಡಿ' ಅಕ್ಷರ ಮರೆಯಬೇಡಿ. ಮಾತಿನಲ್ಲಿ ಅದು ಮುಂದಿನ ಟು ಜೊತೆ ಸೇರಿ 'ಸಪೋಸ್ಟು' ಎಂದೇ ಕೇಳಿಸುವುದರಿಂದ ಬರವಣಿಗೆಯಲ್ಲೂ ಬಿಟ್ಟುಹೋಗುತ್ತದೆ.

ಇದಕ್ಕಿಂತ ಹೆಚ್ಚು ಹಾನಿ ಮಾಡುವ ತಪ್ಪು ಇನ್ನೊಂದಿದೆ. 'ನೀನು ನಿನ್ನೆಯೇ ಅರ್ಜಿ ಕೊಡಬೇಕಿತ್ತು' ಎನ್ನಲು ಹೋಗಿ 'ಯು ಮಸ್ಟ್ ಹ್ಯಾವ್ ಸಬ್ಮಿಟೆಡ್ ಯೆಸ್ಟರ್‌ಡೇ' ಎನ್ನುವುದು. ಇದರ ಅರ್ಥ 'ನೀನು ನಿನ್ನೆ ಕೊಟ್ಟಿರಬೇಕು', ಅಂದರೆ ಊಹೆ. ಬೈಯಲು ಹೊರಟ ಮಾತು ಸಮಾಧಾನದ ಮಾತಾಗಿ ತಲುಪುತ್ತದೆ. 'ಕೊಡಬೇಕಿತ್ತು'ಗೆ ಶುಡ್ ಹ್ಯಾವ್, 'ಕೊಟ್ಟಿರಬೇಕು'ಗೆ ಮಸ್ಟ್ ಹ್ಯಾವ್. ಊಹೆಯ ಮಸ್ಟ್‌ಗೆ ಎದುರು ಸಾಮಾನ್ಯವಾಗಿ ಕಾಂಟ್: 'ಮನೆಯಲ್ಲಿರಬೇಕು'ಗೆ ಮಸ್ಟ್ ಬಿ ಅಟ್ ಹೋಮ್, 'ಮನೆಯಲ್ಲಿರಲು ಸಾಧ್ಯವೇ ಇಲ್ಲ' ಎನ್ನಲು ಕಾಂಟ್ ಬಿ ಅಟ್ ಹೋಮ್.

ನಿಷೇಧಕ್ಕೆ ಬಂದರೆ ಕನ್ನಡ ಇಂಗ್ಲಿಷಿಗಿಂತ ನಿಚ್ಚಳವಾಗಿದೆ. ಮಸ್ಟ್ ಮತ್ತು ಹ್ಯಾವ್ ಟು ಹೆಚ್ಚು ಕಡಿಮೆ ಒಂದೇ ಅರ್ಥ ಕೊಡುತ್ತವೆ, ಆದರೆ ನಾಟ್ ಸೇರಿದೊಡನೆ ಎರಡು ದಿಕ್ಕಿಗೆ ಹೋಗುತ್ತವೆ. 'ಯು ಮಸ್ಟ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್' ಎಂದರೆ ಈ ಮಾತ್ರೆ ತೆಗೆದುಕೊಳ್ಳಬಾರದು. 'ಯು ಡೋಂಟ್ ಹ್ಯಾವ್ ಟು ಟೇಕ್ ದಿಸ್ ಟ್ಯಾಬ್ಲೆಟ್' ಎಂದರೆ ತೆಗೆದುಕೊಳ್ಳಬೇಕಾಗಿಲ್ಲ, ಇಷ್ಟವಿದ್ದರೆ ತೆಗೆದುಕೊಳ್ಳಿ. ಔಷಧಿ ಚೀಟಿ ಓದುವವರಿಗೆ ಇದು ಪರೀಕ್ಷೆಯ ಅಂಕದ ಪ್ರಶ್ನೆಯಲ್ಲ. 'ಬಾರದು'ಗೆ ಮಸ್ಟ್ ನಾಟ್, 'ಬೇಕಾಗಿಲ್ಲ'ಕ್ಕೆ ಡೋಂಟ್ ಹ್ಯಾವ್ ಟು ಅಥವಾ ನೀಡಂಟ್. ಇದೊಂದನ್ನಾದರೂ ಎಲ್ಲ ಶಾಲೆಗಳೂ ಕನ್ನಡದಲ್ಲೇ ಹೇಳಿಕೊಡಲಿ.

ಕನ್ನಡ ಕೈಕೊಡುವ ಜಾಗವೂ ಇದೆ. 'ನಾನು ಕೊಡಗಿಗೆ ಹೋಗಬೇಕು' ಎಂಬುದು ಆಸೆಯೂ ಆಗಬಹುದು, ಕರ್ತವ್ಯವೂ ಆಗಬಹುದು. ಇಂಗ್ಲಿಷ್ ಅದನ್ನು ಸೀಳುತ್ತದೆ: ಆಸೆಗೆ ವಾಂಟ್ ಟು, ಕರ್ತವ್ಯಕ್ಕೆ ಹ್ಯಾವ್ ಟು. 'ಹೋಗಬೇಕು ಅನ್ನಿಸ್ತಿದೆ' ಎಂದು ಬದಲಿಸಿ ನೋಡಿ, ಅರ್ಥ ಕೆಡದಿದ್ದರೆ ವಾಂಟ್ ಟು.

ಇನ್ನು ಹ್ಯಾಡ್ ಬೆಟರ್. ಬೆಟರ್ ಎಂದರೆ ಒಳ್ಳೆಯದು, ಹಾಗಾಗಿ ಇದು ಮೃದುವಾದ ಸಲಹೆ ಎಂದು ನಂಬಿದವರು ಬಹಳ. 'ಯು ಹ್ಯಾಡ್ ಬೆಟರ್ ರಿಪ್ಲೈ ಟುಡೇ' ಎಂಬುದರ ಹಿಂದೆ 'ಇಲ್ಲದಿದ್ದರೆ ನೋಡು' ಅಡಗಿದೆ. ಅಮ್ಮ ಮಗನಿಗೆ ಹೇಳಬಹುದು, ಮ್ಯಾನೇಜರಿಗೆ ಬರೆಯುವ ಮೇಲ್‌ನಲ್ಲಿ ಬೇಡ. ಹ್ಯಾಡ್ ಇದ್ದರೂ ಇದು ಭೂತಕಾಲವಲ್ಲ, ಬೆಟರ್ ನಂತರ ಟು ಬರುವುದಿಲ್ಲ.

ಹಾಗಾದರೆ ಆ ಫೈಲ್ ಕೇಳುವುದು ಹೇಗೆ? ವಾಕ್ಯದ ಕರ್ತೃವನ್ನು 'ಯು' ಇಂದ 'ವಿ'ಗೆ ಸರಿಸಿ, ಗಡುವು ಎಲ್ಲಿಂದ ಬಂತು ಎಂದು ಹೇಳಿ. 'ವಿ ನೀಡ್ ದ ಫೈಲ್ ಬೈ ಫೈವ್, ಬಿಕಾಸ್ ದ ಪೋರ್ಟಲ್ ಕ್ಲೋಸಸ್ ಅಟ್ ಸಿಕ್ಸ್. ಕುಡ್ ಯು ಸೆಂಡ್ ಇಟ್ ಬಿಫೋರ್ ದೆನ್?' ಒತ್ತಡ ಪೋರ್ಟಲ್‌ನದು, ನಿಮ್ಮದಲ್ಲ. ತುರ್ತೂ ಕಡಿಮೆಯಾಗಿಲ್ಲ. ಇದು ಬರೀ ನಯಗಾರಿಕೆಯಲ್ಲ, ಇಂಗ್ಲಿಷೇ ಆ ಕಡೆಗೆ ಸರಿಯುತ್ತಿದೆ. 1961 ಮತ್ತು 1991ರ ಬ್ರಿಟಿಷ್ ಮುದ್ರಿತ ಬರಹಗಳಿಂದ ಹತ್ತು ಹತ್ತು ಲಕ್ಷ ಪದಗಳ ಎರಡು ಸಂಗ್ರಹಗಳನ್ನು ಹೋಲಿಸಿದ ಭಾಷಾವಿಜ್ಞಾನಿ ಜೆಫ್ರಿ ಲೀಚ್ ಮತ್ತು ಜೊತೆಗಾರರು, ಮಸ್ಟ್ ಬಳಕೆ ಇಳಿದದ್ದನ್ನೂ ನೀಡ್ ಟು ಏರಿದ್ದನ್ನೂ ತೋರಿಸಿದರು. ಮೇಲೆ ನಿಂತು ಅಪ್ಪಣೆ ಕೊಡುವ ಧ್ವನಿ ಜನರಿಗೆ ಹಿಡಿಸದಾಗಿದ್ದು ಇದಕ್ಕೆ ಒಂದು ಕಾರಣವೆಂದು ಅವರ ವಿವರಣೆ.

ಮಸ್ಟ್ ಪ್ರೀತಿಯ ಮಾತೂ ಆಗುತ್ತದೆ. 'ಯು ಮಸ್ಟ್ ಕಮ್ ಫಾರ್ ಡಿನ್ನರ್' ಎಂದರೆ ನಮ್ಮ 'ಊಟಕ್ಕೆ ಬರಲೇಬೇಕು'. ಲಾಭ ಕೇಳುವವರದ್ದಾದಾಗ ಒತ್ತಾಯ ಉಪಚಾರವಾಗುತ್ತದೆ, ಲಾಭ ಹೇಳುವವರದ್ದಾದಾಗ ದರ್ಪವಾಗುತ್ತದೆ.

ಕಾನೂನು ಮತ್ತು ತಂತ್ರಜ್ಞಾನದ ಬರಹದಲ್ಲಿ ಮಾತ್ರ ಈ ದಿನನಿತ್ಯದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕಡ್ಡಾಯ ಸೂಚಿಸುವ ಹಳೆಯ ಯಜಮಾನ ಶಲ್. ಅದರ ಅರ್ಥವೂ ಎಲ್ಲ ಕಡೆ ಕಡ್ಡಾಯವೆಂದಲ್ಲ. ಸಂವಿಧಾನದ 320ನೇ ವಿಧಿಯಲ್ಲಿ ಸರ್ಕಾರಿ ನೌಕರರ ಶಿಸ್ತಿನ ವಿಷಯದಲ್ಲಿ ಲೋಕಸೇವಾ ಆಯೋಗವನ್ನು ಕೇಳಬೇಕು ಎನ್ನುವಲ್ಲಿ ಶಲ್ ಇದೆ. ಅದು ಕಡ್ಡಾಯವಲ್ಲ, ನಿರ್ದೇಶಕ ಮಾತ್ರ, ಅಂದರೆ ದಾರಿ ತೋರಿಸುವ ಸೂಚನೆಯಷ್ಟೇ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು. ಇಂಥ ಗೊಂದಲ ತಪ್ಪಿಸಲೆಂದೇ ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳನ್ನು 2007ರಲ್ಲಿ ಹೊಸದಾಗಿ ಬರೆದಾಗ ಶಲ್ ಕೈಬಿಟ್ಟು, ಕಡ್ಡಾಯ ಇರುವಲ್ಲಿ ಮಸ್ಟ್ ಹಾಕಿದರು.

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳು ನಿತ್ಯ ಎದುರಿಸುವ ಇಂಟರ್ನೆಟ್ ಮಾನದಂಡಗಳಲ್ಲಿ 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ಮಸ್ಟ್ ಮತ್ತು ಶಲ್ ಎರಡನ್ನೂ ಒಂದೇ ಎಂದು ಗೊತ್ತುಪಡಿಸಿದೆ. ಶುಡ್ ಎಂದರೆ ಶಿಫಾರಸು: ಸರಿಯಾದ ಕಾರಣವಿದ್ದು, ಪರಿಣಾಮ ತೂಗಿ ನೋಡಿದ್ದರೆ ಬಿಡಬಹುದು. 2017ರ ಆರ್‌ಎಫ್‌ಸಿ 8174 ಪ್ರಕಾರ ದೊಡ್ಡಕ್ಷರದಲ್ಲಿದ್ದರೆ ಮಾತ್ರ ಈ ವಿಶೇಷ ಅರ್ಥ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್‌ಒದ ಕಟ್ಟಳೆ ಇದಕ್ಕೆ ವಿರುದ್ಧ: ಅಲ್ಲಿ ಕಡ್ಡಾಯಕ್ಕೆ ಶಲ್, ಅದರ ಬದಲಿಗೆ ಮಸ್ಟ್ ಬಳಸುವಂತಿಲ್ಲ. ಆದ್ದರಿಂದ ಯಾವುದೇ ಮಾನದಂಡದ ದಾಖಲೆ ಕೈಗೆ ಬಂದಾಗ ಮೊದಲು ಆರಂಭದಲ್ಲಿರುವ ವ್ಯಾಖ್ಯೆಗಳನ್ನು ಓದಿ, ಆಮೇಲೆ ಶುಡ್‌ಗಳನ್ನು ಬಿಡಬಹುದೋ ಇಲ್ಲವೋ ತೀರ್ಮಾನಿಸಿ.