ಬಾಗಿಲು ಕಾಯುವವನೇ ಸಂಬಳ ಕೊಡುವ ಉದ್ಯೋಗ

ವಿಮಾನದಲ್ಲಿ ನಿಂತು ಪ್ರಯಾಣಿಸುವ ಅವಕಾಶ ಇನ್ನೂ ಬಂದಿಲ್ಲ. ಮಡಿಲಲ್ಲಿರುವ ಕೂಸೊಂದನ್ನು ಬಿಟ್ಟರೆ, ಮೇಲೇರುವಾಗಲೂ ಕೆಳಗಿಳಿಯುವಾಗಲೂ ಪ್ರತಿಯೊಬ್ಬರೂ ಒಂದೊಂದು ಆಸನದಲ್ಲಿ ಕುಳಿತು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡಿರಬೇಕೆಂಬುದು ಕಾನೂನು. ಹೀಗಿರುವಾಗ ಟಿಕೆಟ್ ಕೊಂಡವನು ಆಸನವನ್ನೂ ಕೊಂಡಂತೆಯೇ ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಸಾಮಾನ್ಯ ಬುದ್ಧಿಯನ್ನು ವಿಮಾನಯಾನ ಸಂಸ್ಥೆಗಳು ಹೆಚ್ಚುವರಿ ಲಗೇಜು ಎಂದು ತೂಗಿ, ಬಹಳ ಹಿಂದೆಯೇ ಕೆಳಗಿಳಿಸಿವೆ. ಟಿಕೆಟ್ಟು ನಿಮ್ಮನ್ನು ಊರಿಗೆ ಮುಟ್ಟಿಸುವ ಭರವಸೆ ಮಾತ್ರ. ಕುಳಿತು ಹೋಗುವ ವಿಚಾರವನ್ನು ಚೆಕ್-ಇನ್ ಸಮಯದಲ್ಲಿ ಪ್ರತ್ಯೇಕವಾಗಿ ಮಾತನಾಡಿಕೊಳ್ಳಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯಲ್ಲಿನ ಪೂಜಾರಿ ಈಗ ಫೋನಿನ ಆಪ್ ಆಗಿ ಅವತರಿಸಿದ್ದಾನೆ.

ಆ ಆಪ್ ತೆರೆದರೆ ವಿಮಾನದ ಹೊಟ್ಟೆಯೊಳಗಿನ ನಕಾಶೆ ಕಾಣುತ್ತದೆ. ಸಣ್ಣ ಸಣ್ಣ ಚೌಕಗಳು, ಪ್ರತಿಯೊಂದಕ್ಕೂ ಒಂದು ಬಣ್ಣ, ಪ್ರತಿ ಬಣ್ಣಕ್ಕೂ ಒಂದು ದರ. ಹಣ ಕೇಳುವ ಗುಂಡಿ ದೊಡ್ಡದಾಗಿಯೂ ಹೊಳಪಾಗಿಯೂ ಇದ್ದರೆ, ಹಣ ಕೊಡದೆ ಮುಂದೆ ಹೋಗುವ ದಾರಿ ಪುಟದ ತಳದಲ್ಲಿ ಮಸುಕಾದ ಅಕ್ಷರಗಳಲ್ಲಿ ನಾಚಿಕೊಂಡು ಕುಳಿತಿರುತ್ತದೆ. ಅದನ್ನು ಹೇಗೋ ಪತ್ತೆಹಚ್ಚಿ ಒತ್ತಿದರೆ, ‘ಖಚಿತವೇ? ನಿಮ್ಮವರಿಂದ ನೀವು ದೂರವಾಗಬಹುದು’ ಎಂಬ ಎಚ್ಚರಿಕೆ ಎದುರಾಗುತ್ತದೆ. ಗಂಡ ಹೆಂಡತಿಯನ್ನು ಬೇರೆ ಮಾಡುವ ಬೆದರಿಕೆಯನ್ನು ಇಷ್ಟು ವಿನಯದಿಂದ ಒಡ್ಡುವ ವ್ಯವಹಾರ ಬೇರೊಂದಿಲ್ಲ.

ಹಣ ಕೊಡದವರಿಗೆ ಸಿಗುವ ಆಸನ ಯಾದೃಚ್ಛಿಕವಾಗಿ, ಅಂದರೆ ಯಂತ್ರದ ಕಣ್ಣುಮುಚ್ಚಾಲೆಯಲ್ಲಿ, ನಿಗದಿಯಾಗುತ್ತದೆಂದು ಸಂಸ್ಥೆಗಳು ಹೇಳುತ್ತವೆ. 2017ರಲ್ಲಿ ಬಿಬಿಸಿಯ ಗ್ರಾಹಕ ಕಾರ್ಯಕ್ರಮವೊಂದು ಯುರೋಪಿನ ಅಗ್ಗದ ದರದ ಸಂಸ್ಥೆಯೊಂದರ ನಾಲ್ಕು ವಿಮಾನಗಳಿಗೆ ನಾಲ್ಕು ನಾಲ್ಕು ಜನರನ್ನು ಹತ್ತಿಸಿ ಪರೀಕ್ಷಿಸಿದಾಗ, ಎಲ್ಲರಿಗೂ, ಪ್ರತಿ ಸಲವೂ, ನಡುವಿನ ಸೀಟೇ ಸಿಕ್ಕಿತು. ಹಾಗೆ ಆಕಸ್ಮಿಕವಾಗಿ ಆಗುವ ಸಂಭವ ಸುಮಾರು 54 ಕೋಟಿಗೆ ಒಂದು ಎಂದು ಆಕ್ಸ್‌ಫರ್ಡ್‌ನ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿಕೊಟ್ಟರು. ಹಂಚಿಕೆ ಯಾದೃಚ್ಛಿಕವೇ ಎಂದು ಸಂಸ್ಥೆ ಮತ್ತೆ ಹೇಳಿತು. ಕಣ್ಣು ಮುಚ್ಚಿಕೊಂಡೂ ಪ್ರತಿ ಸಲ ಅಡಕತ್ತರಿಯ ನಡುವಿಗೇ ಅಡಿಕೆಯನ್ನು ಇಡುವ ಕೈಚಳಕವನ್ನು ಮೆಚ್ಚದೆ ವಿಧಿಯಿಲ್ಲ.

ಹಣ ಕೊಟ್ಟವರಾದರೂ ಏನನ್ನು ಕೊಳ್ಳುತ್ತಾರೆ? ‘ಪ್ರಿಫರ್ಡ್’ ಎಂಬ ಬಿರುದು ಹೊತ್ತ ಸೀಟು ಹಿಂದಿನ ಸೀಟಿನ ಒಡಹುಟ್ಟು. ಅಗಲವೂ ಅಷ್ಟೇ, ಮೊಣಕಾಲಿನ ಪಾಡೂ ಅಷ್ಟೇ, ಇಳಿಯುವಾಗ ನಾಲ್ಕು ಹೆಜ್ಜೆ ಮುಂದೆ, ಅಷ್ಟೇ. ಕಿಟಕಿ ಪಕ್ಕದ ಸೀಟಿನ ಕಥೆ ಇನ್ನೂ ಸೊಗಸು. ಕೆಲವು ಮಾದರಿಯ ವಿಮಾನಗಳಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವ ಕಡೆ ಕಿಟಕಿಯನ್ನೇ ಇಟ್ಟಿರುವುದಿಲ್ಲ. ಆ ಬೋಳು ಗೋಡೆಯ ಪಕ್ಕದ ಸೀಟೂ ಕಿಟಕಿಯ ಸೀಟೆಂದೇ ಮಾರಾಟವಾಗುತ್ತದೆ. ಇದಕ್ಕಾಗಿ ಅಮೆರಿಕದ ಎರಡು ದೊಡ್ಡ ಸಂಸ್ಥೆಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಮೊಕದ್ದಮೆಗಳೇ ದಾಖಲಾದವು. (ಹದಿಮೂರನೆಯ ಸಾಲು ಅಪಶಕುನವೆಂದು ಹನ್ನೆರಡರ ನಂತರ ನೇರವಾಗಿ ಹದಿನಾಲ್ಕನ್ನು ಬರೆಯುವ ಸಂಸ್ಥೆಗಳೂ ಇವೆ. ನನಗೆ ತಿಳಿದಂತೆ ಪ್ರಯಾಣಿಕನ ಭಾವನೆಗಳಲ್ಲಿ ಶುಲ್ಕವಿಲ್ಲದೆ ಮನ್ನಣೆ ಪಡೆದದ್ದು ಇದೊಂದೇ.) ಇಷ್ಟಕ್ಕೂ ಇದು ಚಿಲ್ಲರೆ ವ್ಯಾಪಾರವಲ್ಲ: ಅಮೆರಿಕದ ಸೆನೆಟ್ಟಿನ ತನಿಖಾ ಉಪಸಮಿತಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿನ ಐದು ಸಂಸ್ಥೆಗಳು 2018ರಿಂದ 2023ರವರೆಗೆ ಸೀಟಿನ ಶುಲ್ಕವೊಂದರಿಂದಲೇ 1,240 ಕೋಟಿ ಡಾಲರ್ ಗಳಿಸಿದ್ದವು.

ಇಷ್ಟನ್ನು ಸಹಿಸಿಕೊಳ್ಳಬಹುದು. ಕಿಟಕಿಯಿಲ್ಲದ ಕಿಟಕಿಯಿಂದ ಯಾರ ಜೀವವೂ ಹೋಗುವುದಿಲ್ಲ. ನನ್ನ ಕುತೂಹಲವಿರುವುದು ನಕಾಶೆಯ ನಟ್ಟನಡುವೆ, ರೆಕ್ಕೆಯ ನೇರಕ್ಕೆ, ಎಲ್ಲಕ್ಕಿಂತ ದುಬಾರಿ ಬಣ್ಣ ಬಳಿದುಕೊಂಡು ಕುಳಿತಿರುವ ಆ ಒಂದೆರಡು ಸಾಲುಗಳ ಬಗ್ಗೆ. ‘ಎಕ್ಸ್‌ಟ್ರಾ ಲೆಗ್‌ರೂಮ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಅದು ತುರ್ತು ನಿರ್ಗಮನದ ಸಾಲು ಎಂಬ ಸಂಗತಿಯನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಈ ಸಾಲಿನಲ್ಲಿ ಯಾರು ಕೂರಬಹುದೆಂಬುದನ್ನು ಕಾನೂನು ಬಹಳ ಶ್ರದ್ಧೆಯಿಂದ ಬರೆದಿದೆ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 1990ರಲ್ಲಿ ರೂಪಿಸಿದ ನಿಯಮವನ್ನು ಓದಿದರೆ ಉದ್ಯೋಗದ ಜಾಹೀರಾತನ್ನು ಓದಿದಂತಾಗುತ್ತದೆ. ಅಭ್ಯರ್ಥಿಗೆ ಹದಿನೈದು ತುಂಬಿರಬೇಕು. ಎರಡು ಕೈಗಳಲ್ಲಿ, ಎರಡು ಕಾಲುಗಳಲ್ಲಿ ಸಾಕಷ್ಟು ಬಲವೂ ಚುರುಕೂ ಇರಬೇಕು. ಮೇಲಕ್ಕೆ, ಪಕ್ಕಕ್ಕೆ, ಕೆಳಕ್ಕೆ ಕೈ ಚಾಚಿ ಬಾಗಿಲಿನ ಹಿಡಿಕೆಯನ್ನು ಹಿಡಿಯಲು, ತಳ್ಳಲು, ಎಳೆಯಲು, ತಿರುಗಿಸಲು ಬರಬೇಕು. ಕಳಚಿ ಬಂದ ಬಾಗಿಲನ್ನು ಎತ್ತಿ, ದಾರಿಗೆ ಅಡ್ಡವಾಗದ ಕಡೆ ಇಡಬೇಕು. ಹೊರಗೆ ಬೆಂಕಿ ಇದೆಯೇ ಎಂದು ಮೊದಲು ನೋಡಿ, ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಸಿಬ್ಬಂದಿಯ ಕೂಗನ್ನು ಕೇಳಿಸಿಕೊಂಡು, ಕೈಸನ್ನೆಯನ್ನು ಗ್ರಹಿಸಿ, ಮಾಹಿತಿಯನ್ನು ಉಳಿದವರಿಗೆ ಬಾಯಿಬಿಟ್ಟು ಹೇಳಬೇಕು. ಜಾರುಬಂಡೆ ಇದ್ದರೆ ಅದನ್ನು ಅಲುಗದಂತೆ ಹಿಡಿದು, ಇಳಿದವರು ಅದರಿಂದ ದೂರ ಸರಿಯಲು ನೆರವಾಗಬೇಕು. ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯಂಥ ಅಡ್ಡಿಯೂ ಇರಕೂಡದು. ಇಷ್ಟೆಲ್ಲ ಅರ್ಹತೆ ಬೇಡುವ ಹುದ್ದೆಗೆ ಸಂಬಳವೆಷ್ಟು ಎಂದು ಕೇಳುವಿರಿ. ಸಂಬಳವನ್ನು ಅಭ್ಯರ್ಥಿಯೇ ಕೊಡಬೇಕು, ಅದೂ ಮುಂಗಡವಾಗಿ. ಸಂದರ್ಶನವೂ ಇದೆ: ‘ನಾನು ಮೇಲಿನ ಎಲ್ಲ ಷರತ್ತುಗಳನ್ನು ಪೂರೈಸುತ್ತೇನೆ’ ಎಂಬ ವಾಕ್ಯದ ಪಕ್ಕದ ಪುಟ್ಟ ಚೌಕದಲ್ಲಿ ಗುರುತು ಹಾಕುವುದು. ಇಲ್ಲಿಯವರೆಗೆ ಈ ಸಂದರ್ಶನದಲ್ಲಿ ನಪಾಸಾದವರನ್ನು ನಾನಂತೂ ಕಂಡಿಲ್ಲ.

ಇದೇ ಸಂಸ್ಥೆಗಳು ಪ್ರಯಾಣಿಕನ ಕೈಚೀಲದ ವಿಷಯದಲ್ಲಿ ತೋರುವ ಕಟ್ಟುನಿಟ್ಟನ್ನು ನೆನಪಿಸಿಕೊಳ್ಳಿ. ಅದರ ಉದ್ದ, ಅಗಲ, ಎತ್ತರಗಳಿಗೆ ಮಿತಿ ಇದೆ. ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಗೇಟಿನ ಬಳಿ ಕಬ್ಬಿಣದ ಚೌಕಟ್ಟೊಂದನ್ನು ನಿಲ್ಲಿಸಿ, ಅದರೊಳಗೆ ಚೀಲ ಇಳಿಯುವುದೋ ಇಲ್ಲವೋ ಎಂದು ಎಲ್ಲರೆದುರು ಪರೀಕ್ಷಿಸುತ್ತಾರೆ. ಅರ್ಧ ಕಿಲೋ ಹೆಚ್ಚಾದರೆ ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿ, ಸ್ವೆಟರನ್ನು ತೆಗೆಸಿ ಮೈಮೇಲೆ ಹಾಕಿಸುತ್ತಾರೆ. ಆದರೆ ಹಲವು ವಿಮಾನಗಳಲ್ಲಿ ಸುಮಾರು ಹದಿನೈದು ಕಿಲೋ ತೂಗುವ ರೆಕ್ಕೆಯ ಮೇಲಿನ ಬಾಗಿಲನ್ನು ನೀವು ಎತ್ತಬಲ್ಲಿರಾ ಎಂಬ ವಿಷಯದಲ್ಲಿ ಮಾತ್ರ ನಿಮ್ಮ ಬೆರಳಿನ ಒಂದು ಒತ್ತು ಸತ್ಯಪ್ರಮಾಣಕ್ಕೆ ಸಮ. ಚೀಲವನ್ನು ಅಳೆಯುವ ಚೌಕಟ್ಟಿನ ಪಕ್ಕದಲ್ಲೇ ಒಂದು ಹಳೆಯ ಬಾಗಿಲನ್ನೂ ಇಟ್ಟು, ಆ ಸೀಟು ಕೊಂಡವರಿಂದ ಒಮ್ಮೆ ಎತ್ತಿಸಿ ನೋಡಬಾರದೇಕೆ? ಎತ್ತಲಾರದವರ ಹಣವನ್ನು ಹಿಂದಿರುಗಿಸಬೇಕಾಗುತ್ತದೆ ಎಂಬುದೊಂದೇ ಅಡ್ಡಿ ಇರಬೇಕು.

ಒಮ್ಮೆ ನಾನೂ ಈ ಹುದ್ದೆಯನ್ನು ಅಲಂಕರಿಸಿದ್ದೇನೆ. ನನ್ನ ಪಕ್ಕದಲ್ಲಿ ಬಾಗಿಲಿಗೆ ಒರಗಿ ಕುಳಿತಿದ್ದವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕತ್ತಿಗೆ ದಿಂಬು ಸುತ್ತಿಕೊಂಡು, ಪಂಚೇಂದ್ರಿಯಗಳಲ್ಲಿ ಮೂಗೊಂದನ್ನು ಮಾತ್ರ ಕರ್ತವ್ಯಕ್ಕೆ ಬಿಟ್ಟಿದ್ದರು. ಗಗನಸಖಿ ಬಂದು, ‘ತುರ್ತು ಸಂದರ್ಭದಲ್ಲಿ ನೆರವಾಗಲು ನೀವು ಸಿದ್ಧರಿದ್ದೀರಾ?’ ಎಂದು ಕೇಳಿದಳು. ಅವರು ಹೆಬ್ಬೆರಳು ಎತ್ತಿ ತೋರಿಸಿದರು. ಸನ್ನೆ ಮಾಡಿದರೆ ಸಾಲದು, ಬಾಯಲ್ಲಿ ಹೇಳಬೇಕು ಎಂದು ಅವಳು ಮತ್ತೆ ಹೇಳಿದಾಗ, ಒಂದು ಕಿವಿಯನ್ನು ಅರ್ಧ ಬಿಡಿಸಿಕೊಂಡು, ‘ಕಾಫಿ ಬೇಡ’ ಎಂದರು. ಮೂರನೆಯ ಸಲಕ್ಕೆ ‘ಹೌದು’ ಬಂತು. ನನ್ನ ‘ಹೌದು’ ಮೊದಲ ಸಲಕ್ಕೇ ಬಂದಿತ್ತಾದರೂ ಅದರ ಹಿಂದೆ ಪರೋಪಕಾರದ ಬುದ್ಧಿಯೇನೂ ಇರಲಿಲ್ಲ. ಇಲ್ಲವೆಂದರೆ ಕಾಲು ಚಾಚಲು ಕೊಟ್ಟ ಹಣ ದಂಡವಾಗುತ್ತದೆಂಬ ಭಯವಿತ್ತು. ಕಾರಣ ಹೇಳದೆಯೇ ಬೇರೆ ಸೀಟು ಕೇಳುವ ಹಕ್ಕನ್ನು ಅಮೆರಿಕದ ನಿಯಮ ಆ ಸಾಲಿನವರಿಗೆ ಕೊಟ್ಟಿದೆ. ಕೈ ನೋವಿದೆ, ಧೈರ್ಯವಿಲ್ಲ, ಮನಸ್ಸಿಲ್ಲ, ಏನನ್ನೂ ವಿವರಿಸಬೇಕಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ಜಾಗದಿಂದ ತಾನಾಗಿ ಎದ್ದುಹೋಗುವ ಮನುಷ್ಯನನ್ನು ಕಲ್ಪಿಸಿಕೊಂಡ ಆ ಕಾನೂನಿನ ಕರಡುಗಾರರು ಮನುಷ್ಯರ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದವರಿರಬೇಕು.

ಇನ್ನು ಆ ಕಾಲು ಚಾಚುವ ಜಾಗ. ಅದು ಎಲ್ಲಿಂದ ಬಂತೆಂಬುದನ್ನು ಆಪ್ ಹೇಳುವುದಿಲ್ಲ. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ಇನ್ನೂ ನೆಲ ಬಿಡದಿದ್ದ ಬೋಯಿಂಗ್ 737 ಒಂದಕ್ಕೆ ಬೆಂಕಿ ಹತ್ತಿತು. ಬಲರೆಕ್ಕೆಯ ಮೇಲಿನ ಬಾಗಿಲಿನ ಪಕ್ಕದಲ್ಲಿದ್ದ ಪ್ರಯಾಣಿಕಳು, ಬಾಗಿಲಿಗೇ ಜೋಡಿಸಿದ್ದ ಕೈಯೊರಗನ್ನು ಹಿಡಿಕೆಯೆಂದು ತಿಳಿದು ಎಳೆದಳು. ಪಕ್ಕದಲ್ಲಿದ್ದ ಗೆಳತಿ ಎದ್ದು ನಿಜವಾದ ಹಿಡಿಕೆಯನ್ನು ಎಳೆದಾಗ, ಸುಮಾರು 22 ಕಿಲೋ ತೂಕದ ಆ ಬಾಗಿಲು ಒಳಕ್ಕೆ ಬಿದ್ದು ಅವಳನ್ನು ಸೀಟಿಗೇ ಅದುಮಿಬಿಟ್ಟಿತು. ಅದನ್ನು ಎತ್ತಿ ಪಕ್ಕಕ್ಕೆ ಹಾಕುವಷ್ಟರಲ್ಲಿ ಅಮೂಲ್ಯ ಕ್ಷಣಗಳು ಕಳೆದಿದ್ದವು. ಸತ್ತವರು 55 ಮಂದಿ. ಹೆಚ್ಚಿನವರನ್ನು ಕೊಂದದ್ದು ಹೊಗೆ. ಅದಾದ ಮೇಲೆಯೇ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಆ ಬಾಗಿಲುಗಳ ಬಳಿ ಸೀಟುಗಳನ್ನು ದೂರ ಸರಿಸಿ ದಾರಿ ಅಗಲ ಮಾಡಬೇಕೆಂದು ಆದೇಶಿಸಿತು. ಅಂದರೆ ಆ ಸಾಲಿನ ಮುಂದೆ ಖಾಲಿ ಬಿಟ್ಟಿರುವುದು ದಾರಿ. ಒಬ್ಬನ ಮೊಣಕಾಲಿಗೆಂದು ಬಿಟ್ಟದ್ದಲ್ಲ, ಹಿಂದಿನಿಂದ ನುಗ್ಗಿ ಬರುವ ಎಲ್ಲರ ಜೀವಕ್ಕೆಂದು ಬಿಟ್ಟದ್ದು. ಅದನ್ನೇ ಅಳೆದು, ಬಣ್ಣ ಬಳಿದು, ಒಬ್ಬನ ಕಾಲಿನ ಸುಖವೆಂದು ಮಾರುವುದಕ್ಕೆ ಬೇಕಾದ ವ್ಯಾಪಾರಬುದ್ಧಿ ಸಾಮಾನ್ಯವಾದುದಲ್ಲ.

ಬಾಗಿಲ ಬಳಿ ಕೂತವರು ಹೇಗೆ ನಡೆದುಕೊಳ್ಳಬಹುದೆಂಬುದಕ್ಕೂ ದಾಖಲೆಗಳಿವೆ. 1991ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಿಲ್ದಾಣದ ರನ್‌ವೇಯಲ್ಲಿ ಎರಡು ವಿಮಾನಗಳು ಅಪ್ಪಳಿಸಿದಾಗ, ಬಾಗಿಲಿನ ಬಳಿಯಿದ್ದ ಪ್ರಯಾಣಿಕರೊಬ್ಬರು ಭಯದಿಂದ ಮರಗಟ್ಟಿ ಕುಳಿತಿದ್ದರಿಂದ ಬೇರೆಯವರು ಬಂದು ಅದನ್ನು ತೆರೆಯಬೇಕಾಯಿತು. ಮೊದಲು ಹೋಗುವವರು ಯಾರೆಂದು ಇಬ್ಬರ ನಡುವೆ ತಳ್ಳಾಟವೂ ನಡೆಯಿತು. ಅವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ; ಅವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಗಟ್ಟಿಯಾಗಿ ಮರಗಟ್ಟುತ್ತಿದ್ದೆ. ಆದರೆ ಯಾರು ಮರಗಟ್ಟುತ್ತಾರೆ, ಯಾರು ಏಳುತ್ತಾರೆ ಎಂಬುದನ್ನು ಕ್ರೆಡಿಟ್ ಕಾರ್ಡಿನ ಮೇಲಿನ ಸಂಖ್ಯೆ ತಿಳಿಸುವುದಿಲ್ಲವೆಂಬುದಂತೂ ಸ್ಪಷ್ಟ.

ವಿಮಾನ ತಯಾರಿಸುವವರ ಲೆಕ್ಕವೇ ಬೇರೆ. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ ಎಲ್ಲರೂ 90 ಸೆಕೆಂಡುಗಳಲ್ಲಿ ಹೊರಗೆ ಬರಬೇಕೆಂಬುದು ಅವರಿಗಿರುವ ಷರತ್ತು. 2006ರ ಮಾರ್ಚ್‌ನಲ್ಲಿ ಹ್ಯಾಂಬರ್ಗಿನಲ್ಲಿ ನಡೆದ ಪರೀಕ್ಷೆಯಲ್ಲಿ ಏರ್‌ಬಸ್ ಎ380 ವಿಮಾನದಿಂದ 873 ಜನ, ಕತ್ತಲಲ್ಲಿ, ಹದಿನಾರು ಬಾಗಿಲುಗಳಲ್ಲಿ ಎಂಟನ್ನು ಮಾತ್ರ ಬಳಸಿ 78 ಸೆಕೆಂಡುಗಳಲ್ಲಿ ಇಳಿದರು. ನಿಜವಾದ ಪ್ರಯಾಣದಲ್ಲಿ ಚೆಕ್-ಇನ್ ಆಪ್ ಸೀಟಿನ ಬಗ್ಗೆ ನಿಮ್ಮ ಮನವೊಲಿಸಲು ತೆಗೆದುಕೊಳ್ಳುವ ಸಮಯ ಅದಕ್ಕಿಂತ ಹೆಚ್ಚು.

ಅಪರೂಪಕ್ಕೊಮ್ಮೆ ಅತ್ಯುತ್ಸಾಹಿಗಳೂ ಬಂದು ಕೂರುತ್ತಾರೆ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ಇಳಿಯುತ್ತಿದ್ದ ವಿಮಾನದ ಬಾಗಿಲನ್ನು ಪ್ರಯಾಣಿಕನೊಬ್ಬ ನೆಲದಿಂದ ಸುಮಾರು ಇನ್ನೂರು ಮೀಟರ್ ಎತ್ತರದಲ್ಲೇ ತೆರೆದುಬಿಟ್ಟ. ಪುಣ್ಯಕ್ಕೆ ವಿಮಾನ ಸುರಕ್ಷಿತವಾಗಿ ಇಳಿಯಿತು. ಸಂಸ್ಥೆ ಕೈಗೊಂಡ ಕ್ರಮಗಳಲ್ಲಿ ಮೊದಲನೆಯದು, ಆ ಮಾದರಿಯ ವಿಮಾನಗಳಲ್ಲಿ ಆ ಸೀಟಿನ ಮಾರಾಟವನ್ನೇ ನಿಲ್ಲಿಸಿದ್ದು. ಬಾಗಿಲ ಪಕ್ಕದ ಜಾಗ ಮಾರುವ ವಸ್ತುವಲ್ಲವೆಂಬ ಜ್ಞಾನೋದಯಕ್ಕೆ ಬಾಗಿಲೇ ಆಕಾಶದಲ್ಲಿ ತೆರೆದುಕೊಳ್ಳಬೇಕಾಯಿತು.

ಮೊನ್ನೆಯ ಪ್ರಯಾಣದಲ್ಲಿ ನಾನು ಹಣ ಕೊಟ್ಟಿರಲಿಲ್ಲವಾದ್ದರಿಂದ ಹಿಂದೆಲ್ಲೋ ನಡುವಿನ ಸೀಟಿನಲ್ಲಿದ್ದೆ. ನಿರ್ಗಮನದ ಸಾಲನ್ನು ಆ ದಿನ ಯಾರೂ ಕೊಂಡಿರಲಿಲ್ಲ. ಎರಡೂ ಕಡೆ ಆರು ಸೀಟುಗಳು ಖಾಲಿ ಇದ್ದವು. ನನ್ನ ಪಕ್ಕದಲ್ಲಿ ಆರಡಿ ದಾಟಿದ, ತೋಳುಗಳಲ್ಲಿ ಕಸುವಿದ್ದ ಯುವಕನೊಬ್ಬ ಮೊಣಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ತಾನು ಅಗ್ನಿಶಾಮಕ ದಳದವನೆಂದೂ ಬಾಗಿಲು ಒಡೆಯುವುದೇ ತನ್ನ ಕಸುಬೆಂದೂ ಮಾತಿನ ನಡುವೆ ಹೇಳಿದ. ಬೆಲ್ಟಿನ ದೀಪ ಹೊತ್ತಿಕೊಳ್ಳುವ ಮೊದಲು ಎದ್ದು ಹೋಗಿ, ಆ ಸಾಲಿನಲ್ಲಿ ಕೂರಬಹುದೇ ಎಂದು ಕೇಳಿದ. ಗಗನಸಖಿ ನಗುತ್ತಲೇ, ಅದು ಹೆಚ್ಚುವರಿ ಶುಲ್ಕದ ಸೀಟೆಂದು ತಿಳಿಸಿ, ಕಾರ್ಡು ಉಜ್ಜುವ ಯಂತ್ರವನ್ನು ಹೊರತೆಗೆದಳು. ಅವನು ಅದರ ಮೇಲಿನ ಮೊತ್ತವನ್ನು ನೋಡಿ, ಮರಳಿ ಬಂದು, ನನ್ನ ಪಕ್ಕದಲ್ಲಿ ಮೊಣಕಾಲು ಮಡಚಿ ಕುಳಿತ. ವಿಮಾನ ಮೇಲೇರಿತು. ಅವಳು ನಿಂತು ವಿವರಿಸಿದ್ದ ಎರಡೂ ಬಾಗಿಲುಗಳ ಪಕ್ಕದಲ್ಲಿ, ಊರು ಮುಟ್ಟುವವರೆಗೂ, ಯಾರೂ ಇರಲಿಲ್ಲ.