ಪ್ರಿನ್ಸ್‌ಟನ್ನಿನ ಅಂಗಡಿಯಲ್ಲಿ ಮಂಡಿಯೂರಿ

ಮೊನ್ನೆ ಶನಿವಾರ ಪ್ರಿನ್ಸ್‌ಟನ್ ರೆಕಾರ್ಡ್ ಎಕ್ಸ್‌ಚೇಂಜ್‌ನಲ್ಲಿ ಎರಡು ಗಂಟೆ ನೆಲದ ಮೇಲೆ ಕೂತಿದ್ದೆ. ನಮ್ಮ ನ್ಯೂಜೆರ್ಸಿಯಲ್ಲಿ 1980ರಿಂದ ನಡೀತಿರೋ ಪ್ಲೇಟು, ಸಿ.ಡಿ.ಗಳ ಅಂಗಡಿ. ಅಗ್ಗದ ಮಾಲೆಲ್ಲ ಕೆಳಗಿನ ಗೂಡುಗಳಲ್ಲಿರತ್ತೆ, ಹುಡುಕಬೇಕಂದ್ರೆ ಮಂಡಿಯೂರಲೇಬೇಕು. ಐವತ್ತು ದಾಟಿದ ಮಂಡಿ ಆಮೇಲೆ ಎರಡು ದಿನ ಲೆಕ್ಕ ಕೇಳಿತು. ಆದ್ರೆ ಎದ್ದಾಗ ಕೈಯಲ್ಲಿ ಪವರ್ ಪಾಪ್ ಹಾಡೋ ಸ್ಮಿದರೀನ್ಸ್ ತಂಡದ 1986ರ ಮೊದಲ ಪೂರ್ಣ ಆಲ್ಬಮ್ಮಿನ ಸಿ.ಡಿ. ಇತ್ತು, ಮೂರು ಡಾಲರಿಗೆ. ಅವರು ಕಾರ್ಟರೆಟ್ಟಿನವರು. ನಮ್ಮ ಎಡಿಸನ್ನಿಂದ ಇಪ್ಪತ್ತು ನಿಮಿಷದ ದಾರಿ. ಒಂಥರಾ ನಮ್ಮೂರವರೇ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು: "ರೀ, ಇದನ್ನ ಯಾತರಲ್ಲಿ ಹಾಕ್ತೀರಿ? ಹೊಸ ಕಾರಲ್ಲಿ ಸಿ.ಡಿ. ಹಾಕೋ ಜಾಗವೇ ಇಲ್ಲ." ನ್ಯಾಯವಾದ ಪ್ರಶ್ನೆ. ಉತ್ತರ ಇಲ್ಲಿ ಬರೀತಿದ್ದೀನಿ, ಅವಳೆದುರು ಹೇಳೋ ಧೈರ್ಯ ಇಲ್ಲ.

ಪವರ್ ಪಾಪ್ ಅಂದ್ರೇನು ಅಂತ ಕೇಳೋರಿಗೆ: ಹುಡುಗಿ ಕೈಕೊಟ್ಟ ದುಃಖವನ್ನ ಮದುವೆಮನೆ ಓಲಗದ ಹುರುಪಲ್ಲಿ ಹಾಡೋದು. ಮೂರೇ ನಿಮಿಷ, ಗಣಗಣ ಅನ್ನೋ ಗಿಟಾರು, ಎರಡು ಮೂರು ಕಂಠ ಒಟ್ಟಿಗೆ ಮೇಲೇಳೋ ಪಲ್ಲವಿ. ಹೆಸರು 1967ರಲ್ಲಿ 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ ಬಾಯಿಂದ ಬಂದದ್ದು. ಬೀಟಲ್ಸ್ ಕೇಳಿ ಬೆಳೆದ ಹುಡುಗರು, ಬೀಟಲ್ಸ್ ಒಡೆದುಹೋದ ಮೇಲೂ ಹಠ ಬಿಡದೆ ಮಾಡಿದ ಸಂಗೀತ ಅಂತಿಟ್ಕೊಳ್ಳಿ.

ಈ ಸಂಗೀತದ ಚರಿತ್ರೆ ನನಗಂತೂ ಅಂಗಡಿಗಳ ಚರಿತ್ರೆ ಥರವೇ ಕಾಣತ್ತೆ. ಮೆಂಫಿಸ್ಸಿನ ಬಿಗ್ ಸ್ಟಾರ್ ತಂಡ ನೋಡಿ. ಸ್ಟುಡಿಯೋ ಹತ್ತಿರವಿದ್ದ ದಿನಸಿ ಅಂಗಡಿಯ ಬೋರ್ಡು ನೋಡಿ ಇಟ್ಟುಕೊಂಡ ಹೆಸರು. 1972ರಲ್ಲಿ ಮೊದಲ ಎಲ್ಪಿ (ದೊಡ್ಡ ಪ್ಲೇಟು) ಬಂತು, 'ನಂಬರ್ ಒನ್ ರೆಕಾರ್ಡ್' ಅಂತ ಜಂಬದ ಹೆಸರು ಬೇರೆ. ವಿಮರ್ಶಕರು ಹಾಡಿ ಹೊಗಳಿದರು. ಓದಿದವನು ದುಡ್ಡು ಹಿಡ್ಕೊಂಡು ಅಂಗಡಿಗೆ ಹೋದರೆ ಮಾಲೇ ಇಲ್ಲ! ಮಾರಬೇಕಾದ ಸ್ಟ್ಯಾಕ್ಸ್ ಕಂಪನಿಗೆ ಕಪ್ಪು ಜನರ ಸೋಲ್ ಸಂಗೀತದ ಮಾರುಕಟ್ಟೆ ಗೊತ್ತಿತ್ತು, ಬಿಳಿ ಹುಡುಗರ ಗಿಟಾರ್ ಹಾಡಿನದು ಗೊತ್ತಿರಲಿಲ್ಲ. ಆಮೇಲೆ ಕೊಲಂಬಿಯಾ ಜೊತೆ ವಿತರಣೆಯ ಒಪ್ಪಂದ ಆಯ್ತು, ಅದೂ ಕೈಹಿಡಿಯಲಿಲ್ಲ. ಅಂಗಡಿಯ ಹೆಸರಿಟ್ಟುಕೊಂಡ ತಂಡಕ್ಕೆ ಅಂಗಡಿಯಲ್ಲೇ ಜಾಗ ಸಿಗಲಿಲ್ಲ. ಒಂದೇ ಆಲ್ಬಮ್ಮಿಗೆ, ಹಾಡು ಬರೆದು ಹಾಡ್ತಿದ್ದ ಕ್ರಿಸ್ ಬೆಲ್ ತಂಡ ಬಿಟ್ಟ. 1978ರಲ್ಲಿ ಕ್ರಿಸ್ ಸ್ಟೇಮಿ ಅನ್ನೋ ಅಭಿಮಾನಿ ತನ್ನ ಪುಟ್ಟ ಲೇಬಲ್ಲಿನಿಂದ (ರೆಕಾರ್ಡ್ ಕಂಪನಿಯಿಂದ) ಅವನದೊಂದು ಸಿಂಗಲ್ ತಂದ. ಅದೇ ಡಿಸೆಂಬರಲ್ಲಿ ಬೆಲ್ ಕಾರು ಅಪಘಾತದಲ್ಲಿ ಹೋದ, 27 ವರ್ಷ. ಅವನ ಪೂರ್ತಿ ಆಲ್ಬಂ ಹೊರಗೆ ಬಂದದ್ದು 1992ರಲ್ಲಿ. ಆ ಹದಿನಾಲ್ಕು ವರ್ಷ ಅವನ ಹೆಸರು ಉಳಿದದ್ದು ಆ ಒಂದು ಪುಟ್ಟ ಪ್ಲೇಟಿನಿಂದ, ಅದನ್ನ ಕೈಯಿಂದ ಕೈಗೆ ದಾಟಿಸಿದವರಿಂದ.

ಉಲ್ಟಾ ಕತೆಯೂ ಇದೆ. ಚೀಪ್ ಟ್ರಿಕ್ ತಂಡದ್ದು. 1978ರ ಏಪ್ರಿಲಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ಹಾಡಿದ್ದನ್ನ ಜಪಾನಿನವರಿಗೆ ಮಾತ್ರ ಅಂತ ಎಲ್ಪಿ ಮಾಡಿದರು. ಅಮೆರಿಕದ ಅಂಗಡಿಗಳು ಜಪಾನಿಂದಲೇ ತರಿಸಿ ಮಾರೋಕೆ ಶುರು ಮಾಡಿದವು. ಎಷ್ಟು ಮಾರಾಟವಾಯ್ತು ಅಂದ್ರೆ, ಕಂಪನಿ ಬೇರೆ ದಾರಿ ಕಾಣದೆ 1979ರ ಫೆಬ್ರವರಿಯಲ್ಲಿ ಇಲ್ಲೇ ಬಿಡುಗಡೆ ಮಾಡಿತು. ಆ ತಂಡಕ್ಕೆ ಬದುಕು ಕೊಟ್ಟದ್ದು ಅದೇ ಆಲ್ಬಂ. ಕಂಪನಿಯ ಆಫೀಸಿನವರಿಗೆ ತಿಳಿಯದ್ದು ಗಲ್ಲಾಪೆಟ್ಟಿಗೆ ಹಿಂದೆ ಕೂತವನಿಗೆ ತಿಳಿದಿತ್ತು.

ನನಗೆ ಇದು ಅರ್ಥವಾಗೋದಕ್ಕೆ ಕಾರಣ ಮೈಸೂರು. ನಮ್ಮ ಕಾಲೇಜು ದಿನಗಳಲ್ಲಿ ಅರಸು ರಸ್ತೆ ಹಿಂದಿನ ಗಲ್ಲಿಯಲ್ಲೊಬ್ಬರು ಚೀಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡ್ತಿದ್ರು. ಕೊನೆಗೆ ಐದು ನಿಮಿಷ ಟೇಪು ಉಳಿದರೆ ತಮಗಿಷ್ಟವಾದ ಒಂದು ಹಾಡನ್ನ ಕೇಳದೆಯೇ ಸೇರಿಸಿಬಿಡೋರು. "ತಮ್ಮಾ, ಇದನ್ನ ಕೇಳ್ ನೋಡು, ಹಿಡಿಸದಿದ್ರೆ ಅಳಿಸಿಕೊಡ್ತೀನಿ." ಬ್ಯಾಡ್‌ಫಿಂಗರ್ ಅನ್ನೋ ತಂಡ ನನಗೆ ಸಿಕ್ಕಿದ್ದು ಹಾಗೆ. ನಾನು ಒಂದನ್ನೂ ಅಳಿಸಲಿಲ್ಲ.

ಆ ಅಣ್ಣನ ಕೆಲಸವನ್ನ ಇಲ್ಲಿ ಪೋಸ್ಟಲ್ಲಿ ಮಾಡೋರಿದ್ರು. ಕೊಲರಾಡೊದ ನಾಟ್ ಲೇಮ್ ಅಂತ ಒಂದು ಲೇಬಲ್ಲು ಕಮ್ ಅಂಗಡಿ. ಮಾರೋ ಒಂದೊಂದು ಸಿ.ಡಿ. ಬಗ್ಗೆಯೂ ಮಾಲೀಕ ಉಸಿರು ಬಿಡದೆ ಹೊಗಳಿ ಬರೀತಿದ್ದ. ಅರ್ಧ ಉತ್ಪ್ರೇಕ್ಷೆ ಅಂತ ಗೊತ್ತಿದ್ದೂ ಆರ್ಡರ್ ಮಾಡ್ತಿದ್ವಿ. 2010ರಲ್ಲಿ ಅದು ಬಾಗಿಲು ಹಾಕಿತು. ಈಗ ನಮ್ಮ ನ್ಯೂಜೆರ್ಸಿಯಲ್ಲೇ ಕೂಲ್ ಕ್ಯಾಟ್ ಮ್ಯೂಸಿಕ್ ಇದೆ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿ ಬಿಗ್ ಸ್ಟರ್ ಅನ್ನೋ ಲೇಬಲ್ಲು ಇದೆ. ದೊಡ್ಡ ಪತ್ರಿಕೆಗಳು ತಿರುಗಿಯೂ ನೋಡದ ತಂಡಗಳ ಹೊಸ ಸಿ.ಡಿ. ಇಂಥಲ್ಲಿ ಸಿಗತ್ತೆ.

"ಎಲ್ಲ ಫೋನಲ್ಲೇ ಬರತ್ತಲ್ಲ" ಅಂತೀರಿ. ಬರತ್ತೆ, ನಾನೂ ಕೇಳ್ತೀನಿ, ಸುಳ್ಳು ಯಾಕೆ. ಆದ್ರೆ 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನ ವರ್ಷಕ್ಕೆ ಕನಿಷ್ಠ 1,000 ಸಲ ಕೇಳದಿದ್ದರೆ ಅದಕ್ಕೆ ಬಿಡಿಗಾಸೂ ಇಲ್ಲ. ಈ ಸಣ್ಣ ತಂಡಗಳ ಎಷ್ಟೋ ಹಾಡುಗಳ ಗತಿ ಅದೇ. ತಂಡಗಳು ನೇರವಾಗಿ ಮಾರೋ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟಲ್ಲಿ ಕೊಂಡರೆ ಅವರು ಹಿಡಿಯೋದು ಡಿಜಿಟಲ್‌ಗೆ ಶೇ. 15, ಸಿ.ಡಿ. ಪ್ಲೇಟುಗಳಿಗೆ ಶೇ. 10. 2020ರ ಮಾರ್ಚಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಶುಕ್ರವಾರ'ದ ದಿನ ಅದನ್ನೂ ಬಿಟ್ಟುಕೊಡ್ತಾರೆ. ನಾನು ಆ ಶುಕ್ರವಾರಕ್ಕೇ ಅಂತ ಪಟ್ಟಿ ಬರೆದಿಟ್ಟಿರ್ತೀನಿ, ತಿಂಗಳ ದಿನಸಿ ಚೀಟಿ ಥರ.

ನನಗೆ ಸಿಟ್ಟು ಬರೋದು ಎಲ್ಪಿ ಜಾತ್ರೆ ಮೇಲೆ. ಅದೇ ಆಲ್ಬಂ ಕೆಂಪು ಪ್ಲೇಟು, ಹಸಿರು ಪ್ಲೇಟು, ಚುಕ್ಕೆ ಚುಕ್ಕೆ ಪ್ಲೇಟು! ಹಾಡಿಗೂ ಬಣ್ಣಕ್ಕೂ ಏನು ಸಂಬಂಧ ಸ್ವಾಮಿ? 2008ರಲ್ಲಿ ಶುರುವಾದ ರೆಕಾರ್ಡ್ ಸ್ಟೋರ್ ಡೇ ಅನ್ನೋ ವರ್ಷದ ಹಬ್ಬ ಸಣ್ಣ ಅಂಗಡಿಗಳಿಗೆ ಆಸರೆ ಆಗಿದ್ದು ನಿಜ. ಆದ್ರೆ ಅವತ್ತು ಬೆಳಗಿನ ಜಾವ ಕ್ಯೂ ನಿಂತು ಕೊಂಡದ್ದನ್ನ ಸಾಯಂಕಾಲದೊಳಗೆ ಮೂರು ಪಟ್ಟು ಬೆಲೆಗೆ ಮಾರೋ ಮಹನೀಯರನ್ನ ನೋಡಿದ್ರೆ ಮೈ ಉರಿಯತ್ತೆ. ಸಿ.ಡಿ.ಗೆ ಈ ರೋಗ ಇಲ್ಲ. ಅಂಚೆ ಖರ್ಚೂ ಕಮ್ಮಿ, ಬಗ್ಗಲ್ಲ, ಯಾರೂ ಹೂಡಿಕೆ ಅಂತ ಕೊಳ್ಳಲ್ಲ.

ಹೊಸದು ಏನಿದೆ ಅಂದ್ರೆ: ಲೆಮನ್ ಟ್ವಿಗ್ಸ್ ತಂಡದ ಅಣ್ಣತಮ್ಮಂದಿರು 2023, 2024ರಲ್ಲಿ ಒಂದರ ಹಿಂದೊಂದು ಎರಡು ಆಲ್ಬಂ ಕೊಟ್ಟರು. ಎರಡನೇದು ನನಗೆ ಹೆಚ್ಚು ಇಷ್ಟ, ಮೊದಲನೇದರಲ್ಲಿ ಕಣ್ಣೀರು ಸ್ವಲ್ಪ ಜಾಸ್ತಿ. ಟೀನೇಜ್ ಫ್ಯಾನ್‌ಕ್ಲಬ್ ಅನ್ನೋ ಹಳೇ ತಂಡದ ತಾತಂದಿರು ಇನ್ನೂ ಗಟ್ಟಿಯಾಗಿದ್ದಾರೆ. ನನ್ನನ್ನ ಬೆರಗಾಗಿಸಿದ್ದು ಶಿಕಾಗೋದ ಕೈ ಸ್ಲೇಟರ್ ಅನ್ನೋ ಹುಡುಗ. ಶಾರ್ಪ್ ಪಿನ್ಸ್ ಅನ್ನೋ ಹೆಸರಲ್ಲಿ ಹಾಡ್ತಾನೆ. ಹಾಡುಗಳು ಪಕ್ಕದ ಕೋಣೆಯಿಂದ ಕೇಳಿಬಂದ ಹಾಗಿರತ್ತೆ, ಆದ್ರೂ ರಾಗ ಬಿಡಲ್ಲ. ಅದೇ ಶಿಕಾಗೋದ ಉತ್ತರಕ್ಕೆ ಝಯಾನ್ ಅನ್ನೋ ಊರಲ್ಲಿ ಶೂಸ್ ತಂಡದವರು ಮನೆ ಹಾಲಿನಲ್ಲೇ ನಾಲ್ಕು ಟ್ರ್ಯಾಕಿನ ಮೆಷಿನ್ ಇಟ್ಟುಕೊಂಡು ಆಲ್ಬಂ ಮಾಡಿ, ತಾವೇ ಹೊರತಂದಿದ್ದು 1977ರಲ್ಲಿ. ಸ್ಲೇಟರ್ ಆಗಿನ್ನೂ ಹುಟ್ಟೇ ಇರಲಿಲ್ಲ.

ಇನ್ನೊಂದು ಲಿಕ್ವಿಡ್ ಮೈಕ್, ಮಿಶಿಗನ್ನಿನ ಮಾರ್ಕೆಟ್ (Marquette) ಅನ್ನೋ ಊರಿನ ತಂಡ. ಹಾಡು ಬರೆಯೋ ಮೈಕ್ ಮೇಪಲ್ ಪೋಸ್ಟ್‌ಮನ್ ಕೆಲಸ ಮಾಡಿಕೊಂಡೇ 2024ರ ಆಲ್ಬಂ ಮಾಡಿದ. ಸಿ.ಡಿ. ಸಿ.ಡಿ. ಅಂತ ಇಷ್ಟು ಭಾಷಣ ಬಿಗಿದ ನಾನು ಅದನ್ನ ಎಲ್ಪಿಯಲ್ಲೇ ತರಿಸಿದೆ, ಬೈಕೊಳ್ಳಿ. ನಮ್ಮ ಬೀದಿ ಪೋಸ್ಟ್‌ಮನ್ ಆ ಚಪ್ಪಟೆ ಡಬ್ಬ ಕೈಗಿಟ್ಟು, ಏನಪ್ಪಾ ಇದು, ದಿನಾ ಒಂದು, ಅಂತ ನಕ್ಕ. ಇದನ್ನ ಮಾಡಿದವನೂ ನಿಮ್ಮವನೇ, ಮಿಶಿಗನ್ನಿನಲ್ಲಿ ಟಪಾಲು ಹಂಚುತ್ತಾನಂತೆ ಅಂದೆ. ಅವನು ಒಂದು ನಿಮಿಷ ಡಬ್ಬವನ್ನೇ ನೋಡಿ ಕೇಳಿದ: "ಆ ಚಳಿಯಲ್ಲಿ? ನಡೆದುಕೊಂಡು ಹೋಗೋ ರೂಟಾ, ಗಾಡಿ ರೂಟಾ?"