ಜೋಕರ್‌ನ ಮಾವನ ಮನೆ

ಜೋಕರ್ ಇರುವ ಗಾಥಮ್ ನಗರ ಭೂಪಟದಲ್ಲಿ ಇಲ್ಲ, ಬ್ಯಾಟ್‌ಮನ್ ಕಾಮಿಕ್ಸ್‌ನಲ್ಲಿ ಮಾತ್ರ ಇದೆ. ನಿಜವಾಗಿ ಇದ್ದಿದ್ದರೆ ಅಲ್ಲಿಯ ಜೈಲು ಕಟ್ಟಿದ ಕಂಟ್ರಾಕ್ಟರ್ ಯಾರಪ್ಪಾ ಅಂತ ವಿಚಾರಿಸಬೇಕಿತ್ತು. ಕಳ್ಳಕಾಕರನ್ನು ಹಿಡಿಯುವ ಬ್ಯಾಟ್‌ಮನ್‌ನ ಬದ್ಧವೈರಿ ಈ ಜೋಕರ್. ಅಲ್ಲಿಗೆ ಬರುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಹೋದ ಪುಟ್ಟ, ಬಂದ ಪುಟ್ಟ. ನಾವು ತಮಾಷೆಗೆ ಜೈಲನ್ನು ಮಾವನ ಮನೆ ಅನ್ನುತ್ತೇವಲ್ಲ, ಇವನ ಮಟ್ಟಿಗೆ ಅದು ನಿಜವೇ. ನಾಲ್ಕು ದಿನ ಉಂಡು, ಮಲಗಿ, ಬೇಜಾರಾದರೆ ಹೊರಡುವುದು.

ಇವನು ಹುಟ್ಟಿದ್ದು 1940ರಲ್ಲಿ, ಬ್ಯಾಟ್‌ಮನ್ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ. ಬಿಳಿ ಮುಖ, ಹಸಿರು ಕೂದಲು, ಕಿವಿಯಿಂದ ಕಿವಿಯವರೆಗೆ ನಗು. ಸಿಕ್ಕಿಬಿದ್ದದ್ದೂ ತಪ್ಪಿಸಿಕೊಂಡದ್ದೂ ಅದೇ ಸಂಚಿಕೆಯಲ್ಲಿ. ಹೇಗೆ ಅಂತೀರಾ? ಬಾಯಲ್ಲಿ ಎರಡು ಕಟ್ಟಿಸಿದ ಹಲ್ಲು. ಒಳಗೆ ಪೊಳ್ಳು. ಒಂದರಲ್ಲಿ ಒಂದು ರಾಸಾಯನಿಕ, ಇನ್ನೊಂದರಲ್ಲಿ ಇನ್ನೊಂದು. ಎರಡನ್ನೂ ಬೆರೆಸಿದ, ಗೋಡೆ ಢಮಾರ್! ಜೇಬು ತಡಕಿದ ಪೊಲೀಸರಿಗೆ ‘ಎಲ್ಲಿ, ಸ್ವಲ್ಪ ಆ ಅನ್ನು’ ಅಂತ ಹೇಳಬೇಕೆಂದು ಹೊಳೆಯಲಿಲ್ಲ ಅಂತ ಕಾಣುತ್ತೆ. ನಮ್ಮಲ್ಲಿ ಹಲ್ಲು ಕಟ್ಟಿಸಿಕೊಂಡವರು ಕೋಡುಬಳೆ ಕಂಡರೆ ಹೆದರುತ್ತಾರೆ. ಈ ಪುಣ್ಯಾತ್ಮ ಅದರಲ್ಲೇ ಜೈಲು ಒಡೆದ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು 1966ರ ಬ್ಯಾಟ್‌ಮನ್ ಟಿವಿ ಧಾರಾವಾಹಿಯಲ್ಲಿ ಅವನು ಪರಾರಿಯಾದ ರೀತಿ. ಅದರಲ್ಲಿ ಜೋಕರ್ ಆದವರು ಸೀಸರ್ ರೊಮೆರೊ. ಪಾತ್ರಕ್ಕಾಗಿ ಮೀಸೆ ಬೋಳಿಸಲು ಅವರು ಒಪ್ಪಲೇ ಇಲ್ಲ. ಮೀಸೆಯ ಮೇಲೇ ಬಿಳಿ ಬಣ್ಣ ಬಳಿದರು. ಹತ್ತಿರದ ದೃಶ್ಯಗಳಲ್ಲಿ ಬಣ್ಣದಡಿ ಮೀಸೆ ಚೆನ್ನಾಗಿಯೇ ಕಾಣುತ್ತದೆ. ಇನ್ನು ಧಾರಾವಾಹಿಯ ಜೈಲಿನ ವಾರ್ಡನ್ ಬಹಳ ಒಳ್ಳೆಯ ಮನುಷ್ಯ. ಕೈದಿಗಳು ಸುಧಾರಿಸುತ್ತಾರೆ ಎಂಬ ನಂಬಿಕೆ. ಹಾಗಾಗಿ ಜೈಲಿನ ಅಂಗಳದಲ್ಲಿ ಬೇಸ್‌ಬಾಲ್. ಜೋಕರ್ ಚೆಂಡು ಎಸೆಯಲು ನಿಂತಿದ್ದಾನೆ. ಅವನ ಕಾಲಡಿಯಲ್ಲಿ ದೊಡ್ಡದೊಂದು ಸ್ಪ್ರಿಂಗ್. ಟಣ್ ಅಂತ ಚಿಮ್ಮಿತು ನೋಡಿ, ಆಸಾಮಿ ಗೋಡೆಯಾಚೆ! ಅಷ್ಟು ದೊಡ್ಡ ಸ್ಪ್ರಿಂಗನ್ನು ಯಾರ ಕಣ್ಣಿಗೂ ಬೀಳದೆ ಹೂಳಿದ್ದು ಹೇಗೆ? ಇಂಥದ್ದನ್ನೆಲ್ಲ ಕೇಳುವವರು ಈ ಧಾರಾವಾಹಿ ನೋಡಬಾರದು.

1974ರಲ್ಲಿ ಕಥೆಗಾರರು ಅವನಿಗೆ ಬೇರೆ ವ್ಯವಸ್ಥೆ ಮಾಡಿದರು. ಜೈಲಲ್ಲ, ಅರ್ಕಮ್ ಎಂಬ ಹುಚ್ಚಾಸ್ಪತ್ರೆ. ಅಲ್ಲಿ ಕಥೆ ಇನ್ನೂ ಚೆಂದ. ಆಸ್ಪತ್ರೆ ಕಟ್ಟಿದ ಮಹಾನುಭಾವನೇ ಕೊನೆಗೆ ಅಲ್ಲಿ ರೋಗಿಯಾದ ಅಂತ ಮುಂದೆ ಬರೆದರು. ಜೋಕರ್‌ನನ್ನು ಗುಣಪಡಿಸಲು ಹೋದ ಡಾಕ್ಟರಮ್ಮ ಅವನಿಗೇ ಮನಸೋತಳು. ಅವನನ್ನು ಹೊರಗೆ ಬಿಡಿಸಿ, ತಾನೂ ವೇಷ ಹಾಕಿ ಹಾರ್ಲಿ ಕ್ವಿನ್ ಆದಳು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಕಾವಲುಗಾರರನ್ನು ಬೈದು ಏನು ಪ್ರಯೋಜನ?

ಆದರೂ ಬೀಗ ತೆಗೆಯುವ ಅಸಲಿ ಕೈ ಹಲ್ಲಿನದ್ದೂ ಅಲ್ಲ, ಸ್ಪ್ರಿಂಗಿನದ್ದೂ ಅಲ್ಲ. ಆ ಮೊದಲ ಸಂಚಿಕೆಯ ಕೊನೆಯಲ್ಲಿ ಜೋಕರ್‌ನ ಚಾಕು ಅವನ ಎದೆಗೇ ನಾಟುತ್ತದೆ. ಕಥೆ ಬರೆದವರ ಲೆಕ್ಕದಲ್ಲಿ ಅಲ್ಲಿಗೆ ಸತ್ತ. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ. ಇಂಥ ಸೊಗಸಾದ ಖಳನನ್ನು ಒಂದೇ ಸಂಚಿಕೆಗೆ ಮುಗಿಸಿಬಿಡುವುದೇ? ಅವಸರದಲ್ಲಿ ಒಂದು ಚಿತ್ರ ಸೇರಿಸಿದರು. ಆಂಬುಲೆನ್ಸಿನಲ್ಲಿ ಡಾಕ್ಟರು ‘ಅರೆ, ಇವನಿಗೆ ಇನ್ನೂ ಜೀವ ಇದೆ, ಉಳಿಯುತ್ತಾನೆ’ ಅಂತ ಬೆರಗಾಗುತ್ತಾರೆ. ಸಾವಿನಿಂದಲೇ ಬಿಡಿಸಿಕೊಂಡು ಬಂದವನಿಗೆ ಜೈಲು ಯಾವ ಮಹಾ? ಅವನು ಒಳಗೇ ಉಳಿದರೆ ಬ್ಯಾಟ್‌ಮನ್ ಸುಮ್ನೆ ಗುಹೆಯಲ್ಲಿ ಕೂತು ಕಾರು ಒರೆಸಬೇಕು. ಅದನ್ನು ದುಡ್ಡು ಕೊಟ್ಟು ಓದುವವರಾದರೂ ಯಾರು? ನಾನಂತೂ ಓದೊಲ್ಲ.

ನನ್ನ ಮರುಕವೆಲ್ಲ ಪಕ್ಕದ ಸೆಲ್ಲಿನವನ ಮೇಲೆ. ಕಾಮಿಕ್ಸ್‌ನವರು ಅವನನ್ನು ಬರೆದಿಲ್ಲ, ಆದರೆ ಇದ್ದೇ ಇರುತ್ತಾನೆ. ಯಾರದೋ ಪರ್ಸು ಹೊಡೆದು ಆರು ತಿಂಗಳಿಗೆ ಬಂದವನು. ಮುಖಕ್ಕೆ ಬಣ್ಣ ಇಲ್ಲ, ಹಲ್ಲು ಹುಟ್ಟಿನಿಂದ ಬಂದದ್ದೇ, ಕಾಲಡಿ ಬರೀ ಸಿಮೆಂಟು. ಪಕ್ಕದಲ್ಲಿ ಗೋಡೆ ಉರುಳಿದಾಗಲೆಲ್ಲ ಸೈರನ್ ಹೊಡೆಯುತ್ತದೆ, ಜೋಕರ್ ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸಿ ಪರಾರಿಯಾಗುತ್ತಾನೆ. ಸಿಟ್ಟಿಗೆದ್ದ ಗಾರ್ಡುಗಳು ಬಂದು ಇವನನ್ನು ನಡುರಾತ್ರಿ ಎಬ್ಬಿಸಿ, ಕಂಬಳಿ ಕೊಡವಿ, ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ.